ಗೋಥಿಕ್ ಹಾಲ್ ಅರ್ಥವಾಗಬೇಕಾದರೆ ಮೊದಲು ಅದರ ಮಾಡು ನೋಡಿ

ಇಂಗ್ಲೆಂಡಿನ ಹಳೆಯ ಚರ್ಚುಗಳ ಪಕ್ಕದಲ್ಲಿ ಎಷ್ಟೋ ಕಡೆ ಒಂದು ಉದ್ದನೆಯ ಹಾಲ್ ಇರುತ್ತದೆ. ಕಡಿದಾದ ಮಾಡು (ಚಾವಣಿ), ಚೂಪು ತಲೆಯ ಕಿಟಕಿಗಳು, ಗೋಡೆಗೆ ಅಲ್ಲಲ್ಲಿ ಆನಿಸಿ ಕಟ್ಟಿದ ದಪ್ಪ ಆಸರೆಗಳು. ನೋಡಿದರೆ ಐನೂರು ವರ್ಷ ಹಳೆಯದು ಅನ್ನಿಸುತ್ತದೆ. ಆದರೆ ಇವುಗಳಲ್ಲಿ ಹೆಚ್ಚಿನವು 19ನೇ ಶತಮಾನದ ಕಟ್ಟಡಗಳು, ರೈಲು ಓಡಾಡಲು ಶುರುವಾದ ಮೇಲೆ ಎದ್ದವು. ಮಧ್ಯಯುಗದ ಶೈಲಿಯನ್ನು ಮತ್ತೆ ಎತ್ತಿಕೊಂಡು ಕಟ್ಟಿದ್ದರಿಂದ ಇದನ್ನು ಗೋಥಿಕ್ ರಿವೈವಲ್ ಎನ್ನುತ್ತಾರೆ.

ಈ ಶೈಲಿ ಅರ್ಥವಾಗಬೇಕಾದರೆ ಚರ್ಚಿಗಿಂತ ಹಾಲೇ ಒಳ್ಳೆಯ ಜಾಗ ಅನ್ನುವುದು ನನ್ನ ಅಭಿಪ್ರಾಯ. ಚರ್ಚಿನಲ್ಲಿ ಬಣ್ಣದ ಗಾಜು, ಕೆತ್ತನೆ, ಚಿನ್ನದ ಲೇಪ ಎಲ್ಲಾ ಸೇರಿ ಕಣ್ಣು ಕಟ್ಟಿಬಿಡುತ್ತವೆ. ಹಾಲ್‌ಗೆ ಅಷ್ಟು ದುಡ್ಡು ಇರುತ್ತಿರಲಿಲ್ಲ. ಹಾಗಾಗಿ ಯಾವ ಮರ ಯಾವ ಭಾರ ಹೊತ್ತಿದೆ, ಯಾವ ಗೋಡೆ ಯಾವುದನ್ನು ತಡೆದಿದೆ ಎಂಬುದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಮೊದಲಿಗೆ, ಚರ್ಚಿಗೆ ಪ್ರತ್ಯೇಕ ಹಾಲ್ ಯಾಕೆ ಬೇಕಾಯಿತು? ಮಧ್ಯಯುಗದಲ್ಲಿ ಚರ್ಚಿನ ಮುಖ್ಯ ಭಾಗವೇ ಊರಿನ ಸಭಾಂಗಣವೂ ಆಗಿತ್ತು. ಪಂಚಾಯ್ತಿ, ಊಟ, ಬಿಯರ್ ಮಾರಿ ಚರ್ಚಿಗೆ ಹಣ ಕೂಡಿಸುವ ಹಬ್ಬ, ಎಲ್ಲವೂ ಅಲ್ಲೇ ನಡೆಯುತ್ತಿದ್ದವು. ಆಮೇಲೆ ಇಂಥದ್ದಕ್ಕೆಂದೇ ಡೆವನ್, ಸಾಮರ್ಸೆಟ್ ಕಡೆ ಬೇರೆ ಮನೆಗಳನ್ನು ಕಟ್ಟಿಕೊಂಡರು. 19ನೇ ಶತಮಾನದಲ್ಲಿ ಭಾನುವಾರದ ಶಾಲೆ ದೊಡ್ಡದಾಗಿ ಬೆಳೆಯಿತು. ಗ್ಲಾಸ್ಟರ್‌ನ ರಾಬರ್ಟ್ ರೇಕ್ಸ್ 1780ರಲ್ಲಿ ಅದಕ್ಕೆ ಹೆಸರು ತಂದುಕೊಟ್ಟಿದ್ದರು. 1811ರಲ್ಲಿ ಶುರುವಾದ ನ್ಯಾಷನಲ್ ಸೊಸೈಟಿ ಚರ್ಚುಗಳ ಪಕ್ಕದಲ್ಲೇ ಬಡಮಕ್ಕಳ ಶಾಲೆಗಳನ್ನು ತೆರೆಯಲು ನೆರವಾಯಿತು. ಹಗಲು ಶಾಲೆ, ಭಾನುವಾರ ಬೈಬಲ್ ಪಾಠ, ಸಂಜೆ ಸಭೆ ಅಥವಾ ಸಂಗೀತ. ಒಂದೇ ಕೋಣೆ, ಹತ್ತು ಕೆಲಸ. ಶಾಲೆ ಬೇರೆ ಕಡೆ ಹೋದ ಮೇಲೂ ಎಷ್ಟೋ ಕಡೆ ಆ ಕೋಣೆ ಹಾಲ್ ಆಗಿ ಉಳಿಯಿತು.

ಅಂದರೆ ಕಟ್ಟುವವರ ಮುಂದಿದ್ದ ಬೇಡಿಕೆ ತುಂಬ ಸರಳ: ನೂರಾರು ಜನ ಕೂರುವ ಅಗಲದ ಕೋಣೆ, ನಡುವೆ ಕಂಬ ಇರಬಾರದು, ಬೆಳಕು ಬೇಕು, ಖರ್ಚು ಕಡಿಮೆ ಇರಬೇಕು. ನೋಡಲು ಚರ್ಚಿನ ಮನೆತನದ್ದೇ ಅನ್ನಿಸಬೇಕು. ಇದರಲ್ಲಿ ಕಷ್ಟದ್ದು ನಡುವೆ ಕಂಬ ಬೇಡ ಅನ್ನುವುದು. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಇಸ್ಪೀಟಿನ ಎರಡು ಎಲೆಗಳನ್ನು ನುಣುಪಾದ ಮೇಜಿನ ಮೇಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ ನೋಡಿ. ಮೇಲಿಂದ ಸ್ವಲ್ಪ ಒತ್ತಿದರೆ ಸಾಕು, ಬುಡ ಎರಡೂ ಹೊರಕ್ಕೆ ಜಾರುತ್ತವೆ. ಇಳಿಜಾರು ಮಾಡನ್ನು ಹೊರುವ ಓರೆ ಮರಗಳು, ಅಂದರೆ ಪಕಾಸುಗಳು, ಮಾಡುವುದೂ ಇದನ್ನೇ. ಸ್ಲೇಟ್ ಕಲ್ಲಿನ ಹಂಚು, ಹಿಮ, ಗಾಳಿ ಎಲ್ಲಾ ಸೇರಿ ಮೇಲಿಂದ ಒತ್ತುತ್ತವೆ. ಪಕಾಸಿನ ಬುಡ ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆ ನೇರವಾಗಿ ಕೆಳಕ್ಕೆ ಬರುವ ಭಾರವನ್ನು ಎಷ್ಟಾದರೂ ತಾಳುತ್ತದೆ. ಪಕ್ಕದಿಂದ ತಳ್ಳಿದರೆ ಅದಕ್ಕೆ ಕಷ್ಟ.

ಇದಕ್ಕೆ ಸುಲಭದ ಮದ್ದು, ಎರಡು ಗೋಡೆಗಳ ತಲೆಗೂ ಸೇರುವಂತೆ ಒಂದು ಅಡ್ಡತೊಲೆ ಹಾಕುವುದು. ಅದು ಎರಡೂ ಬುಡಗಳನ್ನು ಒಳಕ್ಕೆ ಎಳೆದು ಹಿಡಿದುಕೊಳ್ಳುತ್ತದೆ, ಕಥೆ ಮುಗಿಯಿತು. ನಿಮ್ಮ ಹಾಲ್‌ನಲ್ಲಿ ಅಂಥ ತೊಲೆ ಸಾಲಾಗಿ ಇದ್ದರೆ ಕಟ್ಟಿದವರಿಗೆ ಬುದ್ಧಿಯೂ ಇತ್ತು, ಆತುರವೂ ಇತ್ತು ಎಂದುಕೊಳ್ಳಬಹುದು. ಆದರೆ ತೊಂದರೆ ಏನೆಂದರೆ, ಆ ತೊಲೆ ಬಂದ ಕೂಡಲೇ ಕೋಣೆಯ ಎತ್ತರ ಅಲ್ಲಿಗೇ ನಿಂತ ಹಾಗೆ ಕಾಣುತ್ತದೆ. ಮೇಲಿನ ತ್ರಿಕೋನ ಕತ್ತಲಲ್ಲಿ ಉಳಿಯುತ್ತದೆ. ತುದಿಗೋಡೆಯಲ್ಲಿ ಎತ್ತರದ ಕಿಟಕಿ ಇಟ್ಟಿದ್ದರೆ ಅದನ್ನು ತೊಲೆಗಳು ಅಡ್ಡಡ್ಡ ಕೊಯ್ದುಬಿಡುತ್ತವೆ. ಗೋಥಿಕ್ ಕಟ್ಟಲು ಹೊರಟವರಿಗೆ ಬೇಕಾದದ್ದೇ ಕಣ್ಣು ಮೇಲಕ್ಕೆ ಹೋಗುವುದು ಅಲ್ವಾ?

ಹಾಗಾಗಿ ತೊಲೆಯನ್ನು ಮೇಲಕ್ಕೆ ಸರಿಸುವ ಆಟ ಶುರುವಾಯಿತು. ಪಕಾಸಿನ ಅರ್ಧ ಎತ್ತರಕ್ಕೆ ಚಿಕ್ಕ ಅಡ್ಡಮರ ಹಾಕಿದರೆ ಅದು ಕಾಲರ್. ಎತ್ತರ ಸಿಕ್ಕಿತು, ಆದರೆ ಬುಡ ಈಗ ಸ್ವಲ್ಪ ಸಡಿಲ. ಎದುರುಬದುರು ಪಕಾಸುಗಳ ಬುಡದಿಂದ ಹೊರಟ ಎರಡು ಮರಗಳು ನಡುವೆ ಒಂದನ್ನೊಂದು ದಾಟಿ ಆಚೆ ಬದಿಯ ಪಕಾಸನ್ನು ಹಿಡಿದರೆ ಅದು ಸಿಸರ್ ಟ್ರಸ್ (ಟ್ರಸ್ ಅಂದರೆ ಮಾಡನ್ನು ಹೊರುವ ಮರದ ಚೌಕಟ್ಟು). ನೋಡಲು ಕತ್ತರಿಯ ಹಾಗೇ ಇರುತ್ತದೆ. ಮರ ಜಾಸ್ತಿ ಬೇಡ, ಕೋಣೆಯೂ ಎತ್ತರ ಕಾಣುತ್ತದೆ. ಸಾಧಾರಣ ಹಾಲ್‌ಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇನ್ನು ಕೆಲವು ಕಡೆ ಗೋಡೆಯ ಅರ್ಧದಿಂದಲೇ ಬಾಗಿದ ಮರಗಳು ಹೊರಟು ಕಾಲರ್‌ಗೆ ಸೇರಿ ಪೂರ್ತಿ ಕಮಾನಿನ ರೂಪ ಕೊಡುತ್ತವೆ.

ಎಲ್ಲಕ್ಕಿಂತ ಜಂಬದ್ದು ಹ್ಯಾಮರ್‌ಬೀಮ್. ಇಲ್ಲಿ ಅಡ್ಡತೊಲೆಯ ನಡುಭಾಗವನ್ನೇ ತೆಗೆದುಬಿಟ್ಟಿರುತ್ತಾರೆ. ಎರಡೂ ಗೋಡೆಗಳಿಂದ ಮೊಂಡು ತುಂಡುಗಳು ಮಾತ್ರ ಒಳಕ್ಕೆ ಚಾಚಿಕೊಂಡಿರುತ್ತವೆ. ಆ ತುಂಡಿನ ತುದಿಯ ಮೇಲೆ ಒಂದು ಕಂಬ ನಿಂತು ಮೇಲಿನ ಮಾಡನ್ನು ಹೊರುತ್ತದೆ. ತುಂಡಿನ ಕೆಳಗೆ ಬಾಗಿದ ಮರವೊಂದು ಗೋಡೆಯ ಕೆಳಭಾಗಕ್ಕೆ ಇಳಿದಿರುತ್ತದೆ. ಇದರಿಂದ ಎರಡು ಲಾಭ. ಮೇಲಿನ ಕಮಾನು ದಾಟಬೇಕಾದ ಅಗಲ ಕಡಿಮೆಯಾಗುತ್ತದೆ. ಜೊತೆಗೆ ಹೊರಕ್ಕೆ ತಳ್ಳುವ ಬಲ ಗೋಡೆಯ ತಲೆಗೆ ಬದಲು ಕೆಳಗೆ, ಗೋಡೆ ಗಟ್ಟಿಯಾಗಿರುವ ಕಡೆ ಬೀಳುತ್ತದೆ.

ಇದರ ಅಜ್ಜ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಹಾಲ್. ಎರಡನೇ ರಿಚರ್ಡ್ ರಾಜನ ಕಾಲದಲ್ಲಿ, 1390ರ ದಶಕದಲ್ಲಿ, ಹ್ಯೂ ಹರ್ಲಂಡ್ ಎಂಬ ಬಡಗಿ ಅದರ ಮಾಡು ಕಟ್ಟಿದ. ಸುಮಾರು 21 ಮೀಟರ್ ಅಗಲ, ನಡುವೆ ಒಂದೂ ಕಂಬವಿಲ್ಲ. ಅದರ ಭಾರ ನಿಜವಾಗಿ ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಎಂಜಿನಿಯರುಗಳು ಬಹಳ ಕಾಲ ವಾದ ಮಾಡಿದ್ದಾರೆ. 1834ರ ಅಕ್ಟೋಬರ್ 16ರ ಬೆಂಕಿಯಲ್ಲಿ ಅಲ್ಲಿದ್ದ ಪಾರ್ಲಿಮೆಂಟ್ ಕಟ್ಟಡದ ಬಹುಭಾಗ ಸುಟ್ಟುಹೋಯಿತು, ಆದರೆ ಈ ಹಾಲ್ ಉಳಿದುಕೊಂಡಿತು. ಹೊಸ ಕಟ್ಟಡ ಗೋಥಿಕ್ ಇಲ್ಲವೇ ಎಲಿಜಬೆತ್ ರಾಣಿಯ ಕಾಲದ ಶೈಲಿಯಲ್ಲೇ ಇರಬೇಕು ಎಂದು ಸ್ಪರ್ಧೆಯ ನಿಯಮ ಹೇಳಿತು. ದೇಶದ ಅತಿ ದೊಡ್ಡ ಸರ್ಕಾರಿ ಕಟ್ಟಡವೇ ಹಳೆಯ ಶೈಲಿಗೆ ಹೋದ ಮೇಲೆ ಊರಿನ ಚರ್ಚು, ಶಾಲೆಗಳು ಹಿಂದೆ ಬೀಳುತ್ತವೆಯೇ?

ಮಾಡು ಕಡಿದಾದಷ್ಟೂ ಅದೇ ಭಾರಕ್ಕೆ ಹೊರಕ್ಕೆ ತಳ್ಳುವುದು ಕಡಿಮೆ. ಆದರೂ ತಳ್ಳುವುದು ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ಹೊರಗೋಡೆಯಲ್ಲಿ ಬಟ್ರೆಸ್‌ಗಳು, ಅಂದರೆ ಮೊದಲು ಹೇಳಿದ ಆ ದಪ್ಪ ಆಸರೆಗಳು. ಇವು ಅಲಂಕಾರಕ್ಕೆ ಇಟ್ಟ ಕಂಬಗಳಲ್ಲ. ಒಳಗೆ ಟ್ರಸ್ ಎಲ್ಲಿ ಗೋಡೆಗೆ ಕೂತಿದೆಯೋ ಹೊರಗೆ ಸರಿಯಾಗಿ ಅದೇ ಜಾಗದಲ್ಲಿ ಬಟ್ರೆಸ್ ಇರಬೇಕು. ಹಾಲ್ ಸುತ್ತ ಒಂದು ಸುತ್ತು ಹಾಕಿ ಬಟ್ರೆಸ್ ಎಣಿಸಿ, ಆಮೇಲೆ ಒಳಗೆ ಹೋಗಿ ಟ್ರಸ್ ಎಣಿಸಿ. ಲೆಕ್ಕ ತಾಳೆಯಾದರೆ ಕಟ್ಟಿದವರು ಗೋಥಿಕ್ ತಿಳಿದೇ ಕಟ್ಟಿದ್ದಾರೆ. ತಾಳೆಯಾಗದಿದ್ದರೆ ಸುಮ್ನೆ ಚೆಂದಕ್ಕೆ ಇಟ್ಟಿದ್ದಾರೆ ಎಂಬ ಅನುಮಾನ ಪಡಬಹುದು. ಬಟ್ರೆಸ್ ಕೆಳಗೆ ದಪ್ಪ, ಮೇಲೆ ತೆಳು, ನಡುವೆ ಮೆಟ್ಟಿಲಿನ ಹಾಗೆ ಇಳಿಜಾರು. ತಳ್ಳುವ ಬಲ ಕೆಳಗೆ ಇಳಿದಂತೆ ಹೊರಕ್ಕೆ ವಾಲುತ್ತದೆ, ಕಲ್ಲೂ ಅದರ ಜೊತೆಗೇ ಹೊರಕ್ಕೆ ಬರುತ್ತದೆ. ಇಳಿಜಾರು ಇರುವುದು ಮಳೆನೀರು ನಿಲ್ಲದಿರಲಿ ಎಂದು.

ಭಾರ ಹೊರುವ ಕೆಲಸ ಬಟ್ರೆಸ್ ಇರುವ ಕಡೆ ಸೇರಿಕೊಂಡ ಮೇಲೆ ನಡುವಿನ ಗೋಡೆಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಕಿಟಕಿ ಇಡಬಹುದು.

ಕಿಟಕಿಯ ತಲೆ ಚೂಪಾಗಿರುವುದಕ್ಕೂ ಕಾರಣ ಇದೆ. ಅರ್ಧವೃತ್ತದ ಕಮಾನಿಗೆ ಅಗಲ ಗೊತ್ತಾದರೆ ಎತ್ತರವೂ ಗೊತ್ತಾಯಿತು: ಅಗಲದ ಅರ್ಧ. ಒಂದು ಮೀಟರ್ ಅಗಲಕ್ಕೆ 50 ಸೆಂಟಿಮೀಟರ್, ಬದಲಾಯಿಸುವ ಹಾಗೇ ಇಲ್ಲ. ಚೂಪು ಕಮಾನು ಎರಡು ಬಿಲ್ಲುಗಳು ಸೇರಿದ್ದು. ಕಿಟಕಿಯ ಒಂದು ಮೂಲೆಯಲ್ಲಿ ಕೈವಾರದ ಮುಳ್ಳು ಊರಿ, ಇನ್ನೊಂದು ಮೂಲೆಯವರೆಗೆ ಚಾಚಿ, ಬಿಲ್ಲು ಎಳೆಯಿರಿ. ಇನ್ನೊಂದು ಕಡೆಯಿಂದಲೂ ಹಾಗೇ ಮಾಡಿ. ಅದೇ ಒಂದು ಮೀಟರ್ ಅಗಲಕ್ಕೆ ಎತ್ತರ ಈಗ ಸುಮಾರು 87 ಸೆಂಟಿಮೀಟರ್. ಮುಳ್ಳನ್ನು ಮೂಲೆಯಿಂದ ಆಚೆಗೆ ಸರಿಸಿದರೆ ಇನ್ನೂ ಎತ್ತರ, ಒಳಗೆ ತಂದರೆ ಕಡಿಮೆ. ಹೀಗಾಗಿ ಕಿರಿದಾದ ಬಾಗಿಲು, ಅಗಲದ ಕಿಟಕಿ ಎರಡರ ತಲೆಯನ್ನೂ ಒಂದೇ ಮಟ್ಟಕ್ಕೆ ತರಬಹುದು. ಎತ್ತರ ಜಾಸ್ತಿಯಾದಂತೆ ಕಮಾನು ಪಕ್ಕಕ್ಕೆ ತಳ್ಳುವುದೂ ಕಡಿಮೆಯಾಗುತ್ತದೆ. ಚೂಪು ತಲೆಗೆ ಧಾರ್ಮಿಕ ಅರ್ಥ ಹಚ್ಚುವವರು ಬಹಳ ಜನ. ಮೇಸ್ತ್ರಿಗೆ ಅದಕ್ಕಿಂತ ಮೊದಲು ಇದೇ ಅನುಕೂಲ ಕಂಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಹಾಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಲ್ಯಾನ್ಸೆಟ್, ಅಂದರೆ ಉದ್ದನೆಯ, ಕಿರಿದಾದ, ಒಂಟಿ ಕಿಟಕಿ. ಅದಕ್ಕೆ ಕಲ್ಲಿನ ಜಾಲರಿ ಬೇಡ, ಕೆತ್ತುವವನಿಗೆ ಕೂಲಿ ಉಳಿಯಿತು. 1818ರಲ್ಲಿ ಬ್ರಿಟನ್‌ನ ಪಾರ್ಲಿಮೆಂಟ್ ಹೊಸ ಚರ್ಚುಗಳಿಗೆಂದು 10 ಲಕ್ಷ ಪೌಂಡ್ ಕೊಟ್ಟಾಗಲೂ ಇದೇ ಲೆಕ್ಕಾಚಾರ ನಡೆಯಿತು. ಆ ಯೋಜನೆಯಲ್ಲಿ ಎದ್ದ ಸುಮಾರು 600 ಚರ್ಚುಗಳಲ್ಲಿ ಬಹಳಷ್ಟಕ್ಕೆ ತೆಳ್ಳನೆಯ ಲ್ಯಾನ್ಸೆಟ್ ಗೋಥಿಕ್ಕೇ ಗತಿಯಾಯಿತು, ಯಾಕೆಂದರೆ ದೊಡ್ಡ ಕಂಬಗಳ ಗ್ರೀಕ್ ಮುಖಮಂಟಪಕ್ಕೆ ಖರ್ಚು ಜಾಸ್ತಿ. ಹಾಲ್ ಕಟ್ಟುವವರು ಸ್ವಲ್ಪ ದುಡ್ಡು ಉಳಿದಿದ್ದರೆ ತುದಿಗೋಡೆಯಲ್ಲಿ ಮಾತ್ರ ಜಾಲರಿಯ ದೊಡ್ಡ ಕಿಟಕಿ ಇಡುತ್ತಿದ್ದರು. ಬೀದಿಗೆ ಕಾಣುವುದು ಅದೇ ತಾನೆ?

ಇಲ್ಲಿ ವಾಸ್ತುಶಿಲ್ಪಿ ಪ್ಯೂಜಿನ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1812ರಲ್ಲಿ ಹುಟ್ಟಿ 1852ರಲ್ಲಿ, 40ನೇ ವಯಸ್ಸಿಗೇ ತೀರಿಹೋದ ಈ ಮನುಷ್ಯ ಹೊಸ ಪಾರ್ಲಿಮೆಂಟ್ ಕಟ್ಟಡದ ಒಳಾಂಗಣದ ಬಹುಪಾಲು ಅಲಂಕಾರ ರೂಪಿಸಿದ. ಅನುಕೂಲಕ್ಕೆ, ಕಟ್ಟೋಣಕ್ಕೆ, ಔಚಿತ್ಯಕ್ಕೆ ಬೇಡವಾದದ್ದು ಕಟ್ಟಡದಲ್ಲಿ ಇರಲೇಬಾರದು ಎಂದು 1841ರಲ್ಲಿ ವಾದಿಸಿದ. ಅಲಂಕಾರ ಬೇಕಿದ್ದರೆ ತೊಲೆಯನ್ನೇ, ಕೀಲನ್ನೇ, ಬಾಗಿಲ ಪಟ್ಟಿಯನ್ನೇ ಚೆಂದ ಮಾಡಿ, ಮೇಲೆ ಅಂಟಿಸಬೇಡಿ ಎಂಬುದು ಅವನ ಮಾತಿನ ತಿರುಳು. ಅದಕ್ಕೂ ಮೊದಲು ಗೋಥಿಕ್ ಅಂದರೆ ಬರೀ ವೇಷ. 1749ರಿಂದ ಲಂಡನ್ ಹತ್ತಿರದ ಸ್ಟ್ರಾಬೆರಿ ಹಿಲ್ ಮನೆಯನ್ನು ಗೋಥಿಕ್ ಮಾಡುತ್ತಾ ಹೋದ ಬರಹಗಾರ ಹೊರೇಸ್ ವಾಲ್ಪೋಲ್, ಕಲ್ಲಿನ ಕಮಾನು ಚಾವಣಿಯ ರೂಪವನ್ನು ಕಾಗದದ ಮುದ್ದೆಯಲ್ಲಿ ಮಾಡಿಸಿದ್ದ! 1839ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಶುರುವಾದ ಕ್ಯಾಮ್ಡನ್ ಸೊಸೈಟಿ ಎಂಬ ಚರ್ಚು ಕಟ್ಟಡಗಳ ಆಸಕ್ತರ ಸಂಘ ಇನ್ನೂ ಕಟ್ಟುನಿಟ್ಟು. 1300ರ ಆಸುಪಾಸಿನ ಶೈಲಿಯೇ ಸರಿ, ಉಳಿದದ್ದು ತಪ್ಪು ಎನ್ನುವಷ್ಟು. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಪಂಥದ ಮೆಥಡಿಸ್ಟರು ಮೊದಲು ಇದರಿಂದ ದೂರ ಇದ್ದರು. 1850ರಲ್ಲಿ ಅವರದೇ ಪಾದ್ರಿ ಫ್ರೆಡರಿಕ್ ಜಾಬ್ಸನ್ ಪ್ರಾರ್ಥನಾಮಂದಿರಕ್ಕೂ ಶಾಲೆಗೂ ಗೋಥಿಕ್ಕೇ ಸರಿ ಎಂದು ವಾದಿಸಿದ ಮೇಲೆ ಅವರೂ ನಿಧಾನಕ್ಕೆ ಈ ಕಡೆ ವಾಲಿದರು. 1870ರ ಶಿಕ್ಷಣ ಕಾಯ್ದೆಯಿಂದ ಬಂದ ಲಂಡನ್ನಿನ ಶಾಲಾ ಮಂಡಳಿ ಮಾತ್ರ ಬೇಕೆಂದೇ ಬೇರೆ ಶೈಲಿ ಆರಿಸಿಕೊಂಡಿತು. ಚೂಪು ಕಮಾನು ಕಂಡರೆ ಜನ ಇದು ಚರ್ಚಿನ ಶಾಲೆ ಅಂದುಕೊಳ್ಳುತ್ತಾರೆ ಎಂಬುದು ಅದಕ್ಕೆ ಗೊತ್ತಿತ್ತು.

ಶೈಲಿಯ ಜಗಳ ಎಷ್ಟೇ ಇರಲಿ, ಹಾಲ್‌ಗಳ ರೂಪ ಬದಲಾಯಿಸಿದ್ದು ತೆರಿಗೆ ಮತ್ತು ರೈಲು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ, ಇಟ್ಟಿಗೆಯದು 1850ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ಹೋದವು. ವೇಲ್ಸ್‌ನ ಸ್ಲೇಟ್ ರೈಲಿನಲ್ಲಿ ಎಲ್ಲ ಕಡೆಗೂ ಹೋಯಿತು. ಕಲ್ಲು ಸಿಗದ ಊರಲ್ಲೂ ದೊಡ್ಡ ಹಾಲ್ ಏಳಲು ಅಡ್ಡಿ ಉಳಿಯಲಿಲ್ಲ. ಇಟ್ಟಿಗೆ ಬಡವರ ವಸ್ತು ಎಂಬ ಭಾವನೆ ಕಳೆದವನು ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್. ಲಂಡನ್ನಿನ ಮಾರ್ಗರೆಟ್ ಸ್ಟ್ರೀಟಿನಲ್ಲಿ 1850ರಿಂದ 1859ರವರೆಗೆ ಕಟ್ಟಿದ ಆಲ್ ಸೇಂಟ್ಸ್ ಚರ್ಚಿನಲ್ಲಿ ಅವನು ಕೆಂಪು ಇಟ್ಟಿಗೆಯ ನಡುವೆ ಕಪ್ಪು ಇಟ್ಟಿಗೆಯ ಪಟ್ಟೆ ಎಳೆದ. ಪಟ್ಟೆ ಬಳಿದದ್ದಲ್ಲ, ಗೋಡೆಯ ಮೈಯೊಳಗೇ ಇರುವುದು. ಒಂದು ಚಿಕ್ಕ ಅಂಗಳದ ಸುತ್ತ ಚರ್ಚು, ಪಾದ್ರಿಗಳ ಮನೆ, ಹಾಡುವ ಹುಡುಗರ ಶಾಲೆ ಮೂರನ್ನೂ ಒತ್ತೊತ್ತಾಗಿ ಕೂರಿಸಿದ ಆ ಜಾಣತನ ನನಗೆ ಅದರ ಎತ್ತರದ ಗೋಪುರಕ್ಕಿಂತ ಇಷ್ಟ. ಬಣ್ಣದ ಇಟ್ಟಿಗೆಯ ಪಟ್ಟೆ ಎಳೆಯಲು ಶಿಲ್ಪಿ ಬೇಕಿಲ್ಲ, ಇಟ್ಟಿಗೆ ಜೋಡಿಸುವವನು ಸಾಕು. ಹಾಗಾಗಿ ಹಾಲ್‌ಗಳು ಅದನ್ನು ಬೇಗ ಕಲಿತುಕೊಂಡವು.

ಇನ್ನು, ಈ ಹಾಲ್ ನಿಜವಾಗಿಯೂ ಮಧ್ಯಯುಗದ್ದೋ, 19ನೇ ಶತಮಾನದ್ದೋ ಎಂದು ತಿಳಿಯುವುದು ಹೇಗೆ? ಟ್ರಸ್ಸಿನ ಕೀಲು ನೋಡಿ. ಹಳೆಯದರಲ್ಲಿ ಒಂದು ಮರದ ನಾಲಗೆ ಇನ್ನೊಂದರ ತೂತಿಗೆ ಕೂತು, ಅಡ್ಡಕ್ಕೆ ಮರದ ಗೂಟ ಬಡಿದಿರುತ್ತದೆ. ಗೂಟದ ತಲೆ ಸ್ವಲ್ಪ ಹೊರಗೆ ಉಳಿದಿರುವುದೂ ಉಂಟು. ಹೊಸದರಲ್ಲಿ ಕಬ್ಬಿಣದ ಪಟ್ಟಿ, ಬೋಲ್ಟು, ನಟ್ಟು. ತೊಲೆಯ ಮೈ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಕೊಡಲಿ, ಬಾಚಿಯ ಏಟಿನ ಅಲೆಗಳು ಕಂಡರೆ ಕೈಕೆಲಸ. ಒಂದೇ ಸಮನೆ ಬಾಗಿದ ಗೀರುಗಳು ಸಾಲಾಗಿ ಕಂಡರೆ ಅದು ಯಂತ್ರದ ಗುಂಡು ಗರಗಸದ ಗುರುತು. ಇಟ್ಟಿಗೆಗಳೆಲ್ಲ ಅಚ್ಚು ಒಂದೇ ಅಳತೆ, ಕಿಟಕಿಗಳೆಲ್ಲ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ತರ ಇದ್ದರೂ ಹೊಸದೇ. ಟ್ರಸ್ಸಿನ ಬುಡದಿಂದ ಬುಡಕ್ಕೆ ಬೆರಳು ದಪ್ಪದ ಕಬ್ಬಿಣದ ಸರಳು ಹಾದುಹೋಗಿದ್ದರೆ ಅದು ನಮ್ಮ ಹಳೆಯ ಅಡ್ಡತೊಲೆಯೇ. ಎಳೆದು ಹಿಡಿಯುವ ಕೆಲಸಕ್ಕೆ ದಪ್ಪ ಮರವೇ ಬೇಕಿಲ್ಲ, ತೆಳ್ಳನೆಯ ಕಬ್ಬಿಣ ಸಾಕು, ಕಣ್ಣಿಗೂ ಅಡ್ಡ ಬರುವುದಿಲ್ಲ. ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಆದರೆ ಗೋಥಿಕ್ ರಿವೈವಲ್‌ಗೂ ಕಬ್ಬಿಣಕ್ಕೂ ನಂಟು ಮೊದಲಿನಿಂದಲೂ ಇದೆ. 1813–14ರಷ್ಟು ಹಿಂದೆಯೇ ಲಿವರ್‌ಪೂಲ್‌ನ ಎವರ್ಟನ್‌ನಲ್ಲಿ ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್ ಮತ್ತು ಕಬ್ಬಿಣದ ಕಾರ್ಖಾನೆಯ ಜಾನ್ ಕ್ರ್ಯಾಗ್ ಸೇರಿ ಚರ್ಚಿನ ಒಳಗಿನ ಕಂಬಗಳನ್ನೂ ಕಿಟಕಿಯ ಜಾಲರಿಯನ್ನೂ ಎರಕದ ಕಬ್ಬಿಣದಲ್ಲೇ ಮಾಡಿಸಿದ್ದರು.

ಮಾಡಿನ ನೆತ್ತಿಯ ಮೇಲೆ ಚೂಪಾದ ಪುಟ್ಟ ಗೋಪುರ ಇದ್ದರೆ ಅದರಲ್ಲಿ ಗಂಟೆ ಇದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಹಾಲ್‌ಗಳಲ್ಲಿ ಅದು ಗಾಳಿ ಹೊರಹೋಗುವ ಕಿಂಡಿ. ಆಗ ದೀಪ ಅಂದರೆ ಗ್ಯಾಸ್ ದೀಪ. ಕಿಕ್ಕಿರಿದ ಜನ, ಉರಿಯುವ ಗ್ಯಾಸ್, ಮುಚ್ಚಿದ ಕಿಟಕಿ. ಬಿಸಿಗಾಳಿ ಎತ್ತರದ ಮಾಡಿಗೆ ಏರಿ, ಗೋಪುರದ ಪಕ್ಕದ ಸೀಳುಪಟ್ಟಿಗಳಿಂದ ಹೊರಗೆ ಹೋಗುತ್ತಿತ್ತು. ಚಳಿಗಾಲದಲ್ಲಿ ಒಲೆಯ ಶಾಖವೂ ಅದೇ ದಾರಿ ಹಿಡಿಯುತ್ತಿತ್ತು ಅನ್ನುವುದು ಬೇರೆ ಮಾತು.

ಹಾಲ್‌ನ ಒಳಗಿನ ಜೋಡಣೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: ಒಂದು ತುದಿಗೆ ವೇದಿಕೆ, ಇನ್ನೊಂದಕ್ಕೆ ಬಾಗಿಲು, ಪಕ್ಕಕ್ಕೆ ಅಡುಗೆಮನೆ. ಪೂರ್ವಕ್ಕೆ ಮುಖ ಮಾಡಬೇಕೆಂಬ ಕಟ್ಟುಪಾಡು ಚರ್ಚಿಗೆ ಮಾತ್ರ, ಹಾಲ್ ಜಾಗ ಸಿಕ್ಕ ಕಡೆ ತಿರುಗುತ್ತದೆ. ಹೊಸದಾಗಿ ಯೋಚಿಸಿದವರು ಅಮೆರಿಕದವರು. 1860ರ ದಶಕದ ಕೊನೆಯಲ್ಲಿ ಓಹಾಯೋದ ಆಕ್ರನ್ ಊರಿನ ಮೆಥಡಿಸ್ಟರಿಗೆ ಲೂಯಿಸ್ ಮಿಲ್ಲರ್ ಎಂಬ ಉದ್ಯಮಿ ಒಂದು ಉಪಾಯ ಕೊಟ್ಟ. ನಡುವೆ ದೊಡ್ಡ ಹಾಲ್, ಸುತ್ತ ಎರಡು ಮಹಡಿಯಲ್ಲಿ ಪುಟ್ಟ ತರಗತಿಗಳು. ಬಾಗಿಲು ತೆರೆದರೆ ಎಲ್ಲ ಮಕ್ಕಳಿಗೂ ನಡುವಿನ ಮುಖ್ಯಸ್ಥ ಕಾಣುತ್ತಾನೆ, ಮುಚ್ಚಿದರೆ ಪ್ರತಿ ತರಗತಿ ಬೇರೆ. ಮುಂದಿನ ಕೆಲವು ದಶಕ ಈ ಜೋಡಣೆ ಅಲ್ಲಿನ ಊರೂರಿಗೆ ಹರಡಿತು.

ಇಂಥ ಹಾಲ್‌ಗಳು ಇವತ್ತು ಕೆಡುವುದು ಎರಡು ಕಡೆ. ಒಂದು ನೀರು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಒಳಗಿನ ತೇವವನ್ನು ಸಂದುಗಳಿಂದ ಹೊರಗೆ ಬಿಡುತ್ತದೆ. ರಿಪೇರಿಗೆ ಬಂದವರು ಗಟ್ಟಿಯಾಗಲಿ ಎಂದು ಸಂದಿಗೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ದಾರಿ ಇಟ್ಟಿಗೆಯೊಂದೇ. ಚಳಿಗೆ ಆ ನೀರು ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ, ಸಿಮೆಂಟ್ ಗೆರೆ ಮಾತ್ರ ಮುಂದಕ್ಕೆ ಚಾಚಿಕೊಂಡು ಉಳಿಯುತ್ತದೆ.

ಇನ್ನೊಂದು, ಪಕಾಸಿನ ಅದೇ ಹಳೆಯ ತಳ್ಳಾಟ. ಕೀಲು ಸಡಿಲವಾದರೆ, ತೊಲೆಯ ತುದಿ ಗೋಡೆಯೊಳಗೆ ಕೊಳೆತರೆ, ಅಥವಾ ಯಾರೋ ಜಾಗ ಸಾಲದೆಂದು ಕಾಲರ್ ಕತ್ತರಿಸಿದರೆ ಮಾಡು ಮೆಲ್ಲಗೆ ಅಗಲವಾಗುತ್ತದೆ. ನೆತ್ತಿಯ ಗೆರೆ ನಡುವೆ ತಗ್ಗುತ್ತದೆ. ಉದ್ದಗೋಡೆಯ ತಲೆ ಹೊರಕ್ಕೆ ವಾಲುತ್ತದೆ, ತುದಿಗೋಡೆ ಸೇರುವ ಮೂಲೆಯಲ್ಲಿ ಮೇಲೆ ಅಗಲ, ಕೆಳಗೆ ಸಣ್ಣದಾದ ಬಿರುಕು ಬೀಳುತ್ತದೆ. ಹಳೆಯ ಹಾಲ್‌ಗಳ ಹೊರಗೋಡೆಯಲ್ಲಿ ಎಸ್ ಅಥವಾ ಎಕ್ಸ್ ಅಕ್ಷರದ ಆಕಾರದ ಕಬ್ಬಿಣದ ಬಿಲ್ಲೆಗಳು ಕಂಡರೆ ಅಲ್ಲಿ ಹೀಗೇ ಆಗಿರುವ ಸಾಧ್ಯತೆ ಹೆಚ್ಚು. ಒಳಗಿಂದ ಸರಳು ಹಾಯಿಸಿ ಎರಡೂ ಗೋಡೆಗಳನ್ನು ಕಟ್ಟಿಹಾಕಿ, ತುದಿಗೆ ಆ ಬಿಲ್ಲೆ ಬಿಗಿದಿರುತ್ತಾರೆ. ಹರ್ಲಂಡನ ಮಾಡಿಗೂ ಕೊನೆಗೆ ಕಬ್ಬಿಣದ ಆಸರೆ ಬೇಕಾಯಿತು. ಮರ ಕೊರೆಯುವ ಹುಳು ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ತೊಲೆಗಳನ್ನು ಒಳಗಿಂದೊಳಗೇ ಟೊಳ್ಳು ಮಾಡಿತ್ತು. 1914ರಿಂದ 1923ರವರೆಗೆ ನಡೆದ ರಿಪೇರಿಯಲ್ಲಿ, ಕೆಳಗಿನಿಂದ ಸುಲಭಕ್ಕೆ ಕಾಣದಂತೆ ಉಕ್ಕಿನ ಆಸರೆಗಳನ್ನು ಮರದ ಜೊತೆಗೆ ಸೇರಿಸಿದರು.